ಬೈಬಲ್ಲಿನ ಪುಸ್ತಕಗಳನ್ನು ಆರಿಸಿದ್ದು ಯಾರು?

ಪ್ರಶ್ನೆ: ಕ್ರಿ.ಶ. 325ರ ನೈಸಿಯಾ ಸಭೆಯಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ತನಗೆ ಬೇಕಾದ ಪುಸ್ತಕಗಳನ್ನು ಬೈಬಲ್ಲಿಗೆ ಸೇರಿಸಿ, ಬೇಡವಾದವನ್ನು ಕೈಬಿಟ್ಟನಂತೆ. ನಿಜವೇ?

ಉತ್ತರ: ಇಲ್ಲ. ನೈಸಿಯಾದಲ್ಲಿ ಬಿಷಪ್ಪರು ಸೇರಿದ್ದು ಮುಖ್ಯವಾಗಿ ಏರಿಯಸ್ ಎಬ್ಬಿಸಿದ್ದ ವಾದಕ್ಕೆ: ಕ್ರಿಸ್ತನು ತಂದೆ ದೇವರಿಗೆ ಸಮನೋ, ಅಲ್ಲವೋ? ಜೊತೆಗೆ ಈಸ್ಟರ್ ದಿನದ ತಕರಾರು. ಅವರು ಹೊರಡಿಸಿದ 20 ನಿಯಮಗಳಲ್ಲಿ ಪುಸ್ತಕಪಟ್ಟಿಯ ಸುದ್ದಿಯೇ ಇಲ್ಲ. ಪುಸ್ತಕಗಳನ್ನು ಬಲಿಪೀಠದ ಬಳಿ ರಾಶಿ ಹಾಕಿ ಪ್ರಾರ್ಥಿಸಿದಾಗ ಅಸಲಿ ಮೇಲೆ ಉಳಿದು ನಕಲಿ ಕೆಳಕ್ಕೆ ಬಿತ್ತು ಎಂಬ ಕಥೆಯೊಂದು ಶತಮಾನಗಳ ನಂತರ ಹುಟ್ಟಿತು. ವೋಲ್ಟೇರ್‌ಗೆ ಅದು ಗೇಲಿಯ ಸರಕಾಯಿತು. 2003ರ 'ದ ಡಾ ವಿಂಚಿ ಕೋಡ್' ಕಾದಂಬರಿ ಚಕ್ರವರ್ತಿಯ ಆವೃತ್ತಿಯನ್ನು ಮನೆಮನೆಗೆ ಮುಟ್ಟಿಸಿತು.

ಮೊದಮೊದಲ ಕ್ರೈಸ್ತರಿಗೆ ಇದ್ದ ಪ್ರಶ್ನೆ ತುಂಬ ವ್ಯಾವಹಾರಿಕವಾದದ್ದು: ಭಾನುವಾರ ಸಭೆಯಲ್ಲಿ ಏನನ್ನು ಓದಿಸಬೇಕು? ಆಂಟಿಯೋಕ್‌ನ ಬಿಷಪ್ ಸೆರಾಪಿಯೊನ್‌ನ ಪ್ರಸಂಗ ನೋಡಿ. ಕಾಲ ಸುಮಾರು ಕ್ರಿ.ಶ. 200. ರೋಸಸ್ ಎಂಬ ಊರಿನ ಸಭೆಯವರು ಪೇತ್ರನ ಹೆಸರಿನ ಸುವಾರ್ತೆಯೊಂದನ್ನು ಇಟ್ಟುಕೊಂಡಿದ್ದರು. ಅದರ ಬಗ್ಗೆ ಅಲ್ಲೇ ಜಗಳ. ಬಿಷಪ್ಪ ಅದನ್ನು ಓದಿರಲಿಲ್ಲ. ಇಷ್ಟಕ್ಕೇ ಮನಸ್ತಾಪವಾದರೆ ಓದಿಕೊಳ್ಳಲಿ ಬಿಡಿ ಎಂದು ಹೊರಟುಹೋದ. ಆಮೇಲೆ ಅದರ ಒಂದು ಪ್ರತಿಯನ್ನು ಎರವಲು ತಂದು ಓದಿದರೆ, ಬಹುಪಾಲು ಸರಿಯಿದೆ, ಆದರೆ ಕ್ರಿಸ್ತನಿಗೆ ನಿಜವಾದ ದೇಹವೇ ಇರಲಿಲ್ಲ ಎನ್ನುವವರ ವಾಸನೆ ಅಲ್ಲಲ್ಲಿ ಹೊಡೆಯುತ್ತಿದೆ! ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಂಡು ಪತ್ರ ಬರೆದ. ಈ ಪತ್ರವನ್ನು ಉಳಿಸಿಕೊಟ್ಟವನು ಚರ್ಚಿನ ಇತಿಹಾಸ ಬರೆದ ಯುಸೇಬಿಯಸ್. ಪೇತ್ರನ ಹೆಸರಿದ್ದರೆ ಸಾಲದು, ಒಳಗಿನ ಮಾತು ಸಭೆಗಳು ಮೊದಲಿಂದ ನಂಬಿಕೊಂಡು ಬಂದದ್ದಕ್ಕೆ ಹೊಂದಬೇಕು.

ಪಟ್ಟಿ ಮಾಡುವ ತುರ್ತನ್ನು ತಂದವನು ಮಾರ್ಸಿಯನ್. ಹಳೆಯ ಒಡಂಬಡಿಕೆಯನ್ನು ಪೂರ್ತಿ ತಳ್ಳಿಹಾಕಿ, ಕತ್ತರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಇಟ್ಟುಕೊಂಡ. 144ರ ಸುಮಾರಿಗೆ ರೋಮಿನ ಸಭೆ ಅವನನ್ನು ಹೊರಹಾಕಿತು. ಇನ್ನೊಂದು ತುರ್ತು 303ರಲ್ಲಿ ಬಂತು. ಕ್ರೈಸ್ತರ ಗ್ರಂಥಗಳನ್ನು ಸುಡಲು ರೋಮನ್ ಚಕ್ರವರ್ತಿ ಡಯೊಕ್ಲಿಷಿಯನ್ ಆಜ್ಞೆ ಹೊರಡಿಸಿದ. ಉತ್ತರ ಆಫ್ರಿಕದ ಸಿರ್ಟಾದಲ್ಲಿ ಅಧಿಕಾರಿಗಳು ಸಭೆಯಲ್ಲಿ ಗ್ರಂಥ ಓದುವ ವಾಚಕರ ಮನೆಮನೆಗೆ ಹೋಗಿ ಒಬ್ಬನಿಂದ ನಾಲ್ಕು, ಮತ್ತೊಬ್ಬನಿಂದ ಐದು, ಇನ್ನೊಬ್ಬನಿಂದ ಎಂಟು ಪುಸ್ತಕ ಎಂದು ಲೆಕ್ಕ ಬರೆದುಕೊಂಡ ದಾಖಲೆ ಉಳಿದಿದೆ. ಯಾವುದನ್ನು ಕೊಟ್ಟರೆ ದ್ರೋಹ, ಯಾವುದನ್ನು ಕೊಟ್ಟರೆ ಪರವಾಗಿಲ್ಲ ಎಂಬುದು ಆಗ ಜೀವದ ಪ್ರಶ್ನೆ.

ನಾಲ್ಕು ಸುವಾರ್ತೆಗಳು, ಪೌಲನ ಪತ್ರಗಳು ಹೆಚ್ಚಿನ ಕಡೆ ಎರಡನೆಯ ಶತಮಾನದ ಕೊನೆಗೇ ಗಟ್ಟಿಯಾಗಿದ್ದವು. ಕಿತ್ತಾಟವೆಲ್ಲ ಅಂಚಿನ ಪುಸ್ತಕಗಳ ಬಗ್ಗೆ. ಇಬ್ರಿಯರಿಗೆ ಬರೆದ ಪತ್ರದ ಮೇಲೆ ಪಶ್ಚಿಮದವರಿಗೆ ಅನುಮಾನ, ಪ್ರಕಟನೆ ಗ್ರಂಥದ ಮೇಲೆ ಪೂರ್ವದವರಿಗೆ. ಅಲೆಕ್ಸಾಂಡ್ರಿಯದ ಡಯೊನೀಸಿಯಸ್ ಗ್ರೀಕ್ ಶೈಲಿಯನ್ನೇ ಹೋಲಿಸಿ, ಪ್ರಕಟನೆ ಬರೆದ ಯೋಹಾನ ಸುವಾರ್ತೆ ಬರೆದವನಲ್ಲ ಎಂದ; ಇಂದಿನ ವಿದ್ವಾಂಸರೂ ಮೆಚ್ಚುವ ವಾದವದು. ಆದರೂ ಪ್ರಕಟನೆ ಒಳಗೆ ಬಂತು. ಜನ ಪ್ರೀತಿಯಿಂದ ಓದುತ್ತಿದ್ದ 'ಹರ್ಮನ ಕುರುಬ' ಹೊರಗುಳಿಯಿತು: ಅದು ಅಪೊಸ್ತಲರ ಕಾಲದ್ದಲ್ಲ, ಇತ್ತೀಚಿನದು ಎಂಬ ಆಕ್ಷೇಪ ಮುರಾಟೋರಿ ಪಟ್ಟಿ ಎಂಬ ಹಳೆಯ ಪುಸ್ತಕಪಟ್ಟಿಯಲ್ಲಿದೆ.

ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳನ್ನೇ ಹೆಸರಿಸುವ, ನಮಗೆ ಸಿಕ್ಕಿರುವ ಮೊದಲ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್‌ನದು. ಈಸ್ಟರ್‌ಗೆಂದು 367ರಲ್ಲಿ ಬರೆದ ಸುತ್ತೋಲೆ ಅದು. ಹಿಪ್ಪೊ (393) ಮತ್ತು ಕಾರ್ಥೇಜ್ (397) ಸಭೆಗಳು ಅದೇ 27ಕ್ಕೆ ಒಪ್ಪಿಗೆ ಕೊಟ್ಟವು. ಅವೂ ಪ್ರಾಂತೀಯ ಸಭೆಗಳೇ, ಇಡೀ ಚರ್ಚಿನ ಮಾತಲ್ಲ. ಸಿರಿಯಕ್ ಕ್ರೈಸ್ತರ ಬೈಬಲ್ಲಾದ ಪೆಶಿತ್ತಾದ ಹೊಸ ಒಡಂಬಡಿಕೆಯಲ್ಲಿ ಆಮೇಲೂ 22 ಪುಸ್ತಕಗಳೇ, ಪ್ರಕಟನೆ ಇಲ್ಲ.

ಹಳೆಯ ಒಡಂಬಡಿಕೆಯ ವ್ಯಾಜ್ಯ ಇನ್ನೂ ಮುಗಿದಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಮನೆಯ ಬೈಬಲ್ಲಿನಲ್ಲಿ ಒಟ್ಟು 73 ಪುಸ್ತಕ, ಪ್ರಾಟೆಸ್ಟಂಟರ ಸತ್ಯವೇದದಲ್ಲಿ 66. ಇಥಿಯೋಪಿಯದ ಚರ್ಚು ಎಣಿಸುವುದು 81.