ಅಜ್ಜನ ಫೋಟೋ

ನೇಮಕಲ್ಲು ಅನಂತಪುರ ಜಿಲ್ಲೆಯ ಒಂದು ಊರು. ಅಲ್ಲಿ ಆಂಜನೇಯಸ್ವಾಮಿಯ ದೇವಾಲಯವಿದೆ. ಆ ಊರಿನ ಒಂದು ಮನೆಯಲ್ಲಿ ಅಣ್ಣ, ತಂಗಿ ಇದ್ದರು. ಅಣ್ಣನು ಮನೆಯವರ ಹೆಸರು, ಫೋಟೋಗಳನ್ನು ಹಳೆಯ ಕಂಪ್ಯೂಟರಿನ ದತ್ತಸಂಚಯದಲ್ಲಿ ಇರಿಸಿದ್ದನು. ಒಂದು ದಿನ ಅವನ್ನು ಹೊಸ ಕಂಪ್ಯೂಟರಿನ ಬೇರೊಂದು ದತ್ತಸಂಚಯಕ್ಕೆ ಸಾಗಿಸಿದನು. ಹೆಸರುಗಳು ಸರಿಯಾಗಿ ಬಂದವು. ಆದರೆ ಅಜ್ಜನ ಫೋಟೋ ತೆರೆಯಲಿಲ್ಲ. ತೀರಿಹೋದ ಅಜ್ಜನದು ಅದೊಂದೇ ಫೋಟೋ!

ತಂಗಿಗೆ ಅಳು ಬಂದಿತು. "ಅಣ್ಣಾ, ಅಜ್ಜನ ಫೋಟೋ ಹೋಯಿತೇ?"

"ಇಲ್ಲಮ್ಮ. ಹಳೆಯದನ್ನು ಇನ್ನೂ ಅಳಿಸಿಲ್ಲ. ಎಲ್ಲಿ ತಪ್ಪಾಯಿತೋ ನೋಡೋಣ ಬಾ. ಕಂಪ್ಯೂಟರಿಗೆ 0, 1 ಎಂಬ ಎರಡೇ ಅಂಕೆಗಳು ತಿಳಿದಿವೆ. ಇವಕ್ಕೆ ಬಿಟ್ ಎನ್ನುತ್ತಾರೆ. 8 ಬಿಟ್‌ಗಳು ಸೇರಿದರೆ 1 ಬೈಟ್. ಒಂದು ಬೈಟ್‌ನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಇರುತ್ತದೆ. ಅಕ್ಷರವೂ ಫೋಟೋವೂ ಹೀಗೆ ಸಂಖ್ಯೆಗಳಾಗಿಯೇ ಇರುತ್ತವೆ."

"ಒಂದೇ ಒಂದು ಬಿಟ್ ಬದಲಾದರೆ?"

"ಯೂನಿಕೋಡ್ ಎಂಬ ಅಕ್ಷರಗಳ ಪಟ್ಟಿಯಲ್ಲಿ ಕನ್ನಡದ 'ಕ' ಅಕ್ಷರದ ಸಂಖ್ಯೆ 3221. ತೆಲುಗಿನ 'ಕ' ಅಕ್ಷರದ್ದು 3093. ಬಿಟ್‌ಗಳಲ್ಲಿ ಬರೆಯುತ್ತೇನೆ, ನೋಡು."

ಕನ್ನಡ: 110010010101
ತೆಲುಗು: 110000010101

"ಐದನೆಯ ಅಂಕೆ ಮಾತ್ರ ಬೇರೆ!"

"ಹೌದು. ಅಷ್ಟಕ್ಕೇ ಕನ್ನಡದ ಅಕ್ಷರ ತೆಲುಗಿನದಾಗುತ್ತದೆ."

ಅಣ್ಣನು ಫೋಟೋದ ಬೈಟ್‌ಗಳ ಲೆಕ್ಕ ನೋಡಿದನು. ಹಳೆಯದರಲ್ಲಿ 40,000 ಇದ್ದವು. ಹೊಸದರಲ್ಲಿ ಸುಮಾರು 60,000 ಆಗಿದ್ದವು! ಜೆಪೆಗ್ ಎಂಬ ಬಗೆಯ ಫೋಟೋದ ಮೊದಲ ಬೈಟ್ 255. ಹೊಸದರಲ್ಲಿ ಅದರ ಜಾಗದಲ್ಲಿ 195, 191 ಎಂಬ ಎರಡು ಬೈಟ್‌ಗಳಿದ್ದವು.

"ತಪ್ಪು ನನ್ನದೇ. ಫೋಟೋವನ್ನೂ ಬರಹವೆಂದು ಕಳುಹಿಸಿದೆ. ಬರಹವನ್ನು ಹೊಸ ದತ್ತಸಂಚಯವು ತನ್ನ ಪದ್ಧತಿಗೆ ಬದಲಿಸಿಕೊಳ್ಳುತ್ತದೆ. ಫೋಟೋದ ಬೈಟ್‌ಗಳನ್ನು ಬದಲಿಸಬಾರದು" ಎಂದನು.

"ಶೇಂಗಾ ಮೂಟೆಯಂತೆ ಅಲ್ಲವೇ? ಬಂಡಿಯಿಂದ ಲಾರಿಗೆ ಹಾಕುವಾಗ ಅಪ್ಪ ಮೂಟೆ ಬಿಚ್ಚುವುದಿಲ್ಲ, ಎಣಿಸುತ್ತಾರೆ."

"ಜಾಣೆ! ಆದರೆ ಇಲ್ಲಿ ಎಣಿಕೆಯೊಂದೇ ಸಾಲದು. ಪ್ರತಿಯೊಂದು ಬೈಟೂ ಹೊಂದಬೇಕು."

ಅಣ್ಣನು ಫೋಟೋವನ್ನು ಫೋಟೋ ಎಂದೇ ಮತ್ತೆ ಕಳುಹಿಸಿದನು. 40,000 ಬೈಟ್‌ಗಳೂ ಹೊಂದಿದವು. ರುಮಾಲು ಸುತ್ತಿದ ಅಜ್ಜ ನಗುತ್ತಾ ಕಾಣಿಸಿದನು.

"ಈಗ ಹಳೆಯದನ್ನು ಅಳಿಸಲೇ?" ಎಂದು ಅಣ್ಣ ಕೇಳಿದನು.

"ಬೇಡಣ್ಣಾ, ಅಜ್ಜ ಎರಡೂ ಕಡೆ ಇರಲಿ" ಎಂದಳು ತಂಗಿ.

ಪದಗಳ ಅರ್ಥ
ದತ್ತಸಂಚಯ = ಮಾಹಿತಿಯನ್ನು ಕ್ರಮವಾಗಿ ಕೂಡಿಟ್ಟ ಕಣಜ, ಡೇಟಾಬೇಸ್
ಪದ್ಧತಿ = ರೀತಿ, ಕ್ರಮ

ಅಭ್ಯಾಸ
1. ಎಷ್ಟು ಬಿಟ್‌ಗಳು ಸೇರಿ ಒಂದು ಬೈಟ್ ಆಗುತ್ತದೆ?
2. ಅಜ್ಜನ ಫೋಟೋ ಮೊದಲು ಏಕೆ ತೆರೆಯಲಿಲ್ಲ?
3. ಹಳೆಯದನ್ನು ಅಳಿಸದೆ ಇದ್ದುದರಿಂದ ಆದ ಉಪಯೋಗವೇನು?