ಬಾವಿಗೆ ಮುಚ್ಚಳ, ಮಗುವಿಗೆ ಕಾವಲು



ವಿಮೋಚನಾಕಾಂಡದ 21ನೆಯ ಅಧ್ಯಾಯದಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವ ಒಂದು ನಿಯಮವಿದೆ (33-34). ಒಬ್ಬನು ಗುಂಡಿ ತೋಡಿ ಮುಚ್ಚದೆ ಬಿಟ್ಟು, ಅದರಲ್ಲಿ ನೆರೆಯವನ ಎತ್ತೋ ಕತ್ತೆಯೋ ಬಿದ್ದು ಸತ್ತರೆ, ಗುಂಡಿಯ ಯಜಮಾನನೇ ನಷ್ಟ ತುಂಬಿಕೊಡಬೇಕು. 'ನಾನು ತಳ್ಳಲಿಲ್ಲ, ಅದೇ ಬಿತ್ತು' ಎಂಬ ಮಾತು ಅಲ್ಲಿ ನಡೆಯದು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕೆಂದು ಧರ್ಮೋಪದೇಶಕಾಂಡವೂ (22:8) ವಿಧಿಸುತ್ತದೆ. ಒಂದು ಎತ್ತಿಗಾಗಿ ಇಷ್ಟು ಎಚ್ಚರಿಕೆ ಬಯಸುವ ದೇವರು, ತಮ್ಮ ರೂಪದಲ್ಲಿ ಸೃಷ್ಟಿಸಿದ ಮಗುವಿಗಾಗಿ ನಮ್ಮಿಂದ ಎಷ್ಟು ಬಯಸಬೇಡ?

ನಮ್ಮ ಮನೆಯ 'ಗುಂಡಿ'ಗಳು ಯಾವುವು? ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬಾವಿ, ತೋಟದ ಕೆರೆ. ಬಯಲುಸೀಮೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ. ಅದರ ಜಾರುವ ದಡ ಹತ್ತಿ ಬರಲು ದೊಡ್ಡವರಿಗೂ ಕಷ್ಟ. ಪಟ್ಟಣದಲ್ಲಿ ನೆಲದೊಳಗಿನ ಸಂಪು, ಅಪಾರ್ಟ್‌ಮೆಂಟಿನ ಈಜುಕೊಳ. ಎಲ್ಲರ ಮನೆಯಲ್ಲೂ ಬಚ್ಚಲುಮನೆಯ ತುಂಬಿದ ಬಕೆಟ್.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು 5 ವರ್ಷದೊಳಗಿನ ಮಕ್ಕಳು. ಎಳೆಯ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ. ಬಕೆಟಿನೊಳಗೆ ಬಗ್ಗಿದ ಮಗು ತಲೆಕೆಳಗಾದರೆ ಮತ್ತೆ ಏಳಲಾರದು. ಮೂಗು ಬಾಯಿ ಮುಚ್ಚುವಷ್ಟು ನೀರು ಸಾಕು. ಮುಳುಗುವ ಮಗು ಕೂಗುತ್ತದೆ ಎಂದು ನಾವು ಭಾವಿಸುತ್ತೇವೆ. ಉಸಿರಿಗೇ ಎಡೆಯಿಲ್ಲದಾಗ ಕೂಗುವುದೆಲ್ಲಿ? ಪಕ್ಕದ ಕೋಣೆಯಲ್ಲಿದ್ದವರಿಗೂ ತಿಳಿಯದಷ್ಟು ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದಿರುತ್ತದೆ.

ಇಂತಹ ಮನೆಗೆ ಹೋದಾಗ 'ದೇವರ ಚಿತ್ತ' ಎನ್ನುವುದು ನಮಗೆ ರೂಢಿ. ಪ್ರಿಯರೇ, ಮುಚ್ಚದ ಸಂಪು ದೇವರ ಚಿತ್ತವಲ್ಲ. ಹಾಗೆಂದು ಶೋಕದಲ್ಲಿರುವ ತಾಯಿಯ ಮುಂದೆ ತಪ್ಪು ಎತ್ತಿ ಆಡುವುದೂ ಕ್ರೈಸ್ತರಿಗೆ ತಕ್ಕದ್ದಲ್ಲ. ಅಲ್ಲಿ ಮೌನವಾಗಿ ಜೊತೆಗೆ ಕುಳಿತು ಅತ್ತು, ನಮ್ಮ ಮನೆಗೆ ಬಂದು ಮುಚ್ಚಳ ಹಾಕೋಣ. 'ಕಾವಲುದೂತರು ನೋಡಿಕೊಳ್ಳುತ್ತಾರೆ' ಎನ್ನುವವರೂ ಇದ್ದಾರೆ. ದೇವಾಲಯದ ತುದಿಯಲ್ಲಿ ಸೈತಾನನು ಯೇಸುವಿಗೆ ಹೇಳಿದ್ದೂ ಇದನ್ನೇ (ಮತ್ತಾಯ 4:5-7). ದೇವರನ್ನು ಪರೀಕ್ಷಿಸಬಾರದೆಂದು ಪ್ರಭು ಉತ್ತರಿಸಿದರು. ತಕ್ಕ ಕಾರಣವಿಲ್ಲದೆ ಇನ್ನೊಬ್ಬರ ಜೀವವನ್ನು ಅಪಾಯಕ್ಕೆ ಒಡ್ಡುವುದು ಐದನೆಯ ಕಟ್ಟಳೆಗೆ ವಿರುದ್ಧವೆಂದು ಧರ್ಮಸಭೆಯ ಬೋಧನೆ (ಕಥೋಲಿಕ ಧರ್ಮೋಪದೇಶ, 2269).

ಮೋಶೆಯ ತಾಯಿಯನ್ನು ನೋಡಿ. ಆಕೆ ದೇವರಲ್ಲಿ ಭರವಸೆಯಿಟ್ಟಳು. ಆದರೆ ಜೊಂಡಿನ ಬುಟ್ಟಿಗೆ ನೀರು ನುಗ್ಗದಂತೆ ರಾಳ ಬಳಿದ ಮೇಲೆಯೇ ಮಗುವನ್ನು ಅದರಲ್ಲಿ ಮಲಗಿಸಿದಳು. ಅಕ್ಕ ದೂರದಲ್ಲಿ ನಿಂತು ಕಾದಳು (ವಿಮೋಚನಾಕಾಂಡ 2:3-4). ತಡೆಯೂ ಬೇಕು, ಕಣ್ಣೂ ಬೇಕು ಎಂಬ ಪಾಠ ಇಲ್ಲಿದೆ.

ಮನೆಯಲ್ಲಿ ಮಾಡಬೇಕಾದುದು:

1. ಬಾವಿಗೆ ಎತ್ತರದ ಕಟ್ಟೆ ಮತ್ತು ಕಬ್ಬಿಣದ ಜಾಲರಿ ಇರಲಿ. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ಕಟ್ಟೆಯ ಬಳಿ ಮಗು ಹತ್ತಬಹುದಾದ ಕಲ್ಲು, ಕುರ್ಚಿ ಇಡಬೇಡಿ.

2. ಹೊಂಡ, ಈಜುಕೊಳದ ನಾಲ್ಕೂ ಕಡೆ ಕನಿಷ್ಠ 4 ಅಡಿ ಎತ್ತರದ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು ಇರಲಿ. ದಡಕ್ಕೆ ಗಟ್ಟಿ ಹಗ್ಗ ಕಟ್ಟಿರಿ.

3. ಕೆಲಸ ಮುಗಿದ ಕೂಡಲೇ ಬಕೆಟ್ ಬರಿದು ಮಾಡಿ ಕವುಚಿಡಿ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿ.

4. ಮದುವೆ, ಹಬ್ಬ, ಜ್ಞಾನಸ್ನಾನದ ಔತಣದಲ್ಲಿ 'ಯಾರಾದರೂ ನೋಡುತ್ತಿರುತ್ತಾರೆ' ಎಂದರೆ ಯಾರೂ ನೋಡುತ್ತಿರುವುದಿಲ್ಲ. ಒಬ್ಬ ದೊಡ್ಡವರನ್ನು ಹೆಸರು ಹೇಳಿ ನೇಮಿಸಿ. ಮೊಬೈಲ್ ಅವರ ಕೈಯಲ್ಲಿರುವುದು ಬೇಡ. ಚಿಕ್ಕ ಮಗುವನ್ನು ಅಕ್ಕ ಅಣ್ಣಂದಿರ ಮೇಲೆ ಹೊರಿಸಬೇಡಿ.

5. 6 ವರ್ಷ ದಾಟಿದ ಮಕ್ಕಳಿಗೆ ಬಲ್ಲವರಿಂದ ಈಜು ಕಲಿಸಿ. ಗೆಳೆಯ ಮುಳುಗುತ್ತಿದ್ದರೆ ತಾವು ಹಾರದೆ ದೊಡ್ಡವರನ್ನು ಕೂಗಿ, ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಲು ಹೇಳಿಕೊಡಿ.

ಮಗುವನ್ನು ಮೇಲೆತ್ತಿದಾಗ ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ. ಅಮೂಲ್ಯ ಸಮಯ ಹೋಗುತ್ತದೆ. ಅಂಗಾತ ಮಲಗಿಸಿ ಉಸಿರಾಟ ನೋಡಿ. ಉಸಿರಿಲ್ಲದಿದ್ದರೆ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಬಾಯಿಗೆ ಬಾಯಿಟ್ಟು 5 ಸಾರಿ ಉಸಿರು ಊದಿ. ಬಳಿಕ ಎದೆಯ ನಡುವೆ 30 ಸಾರಿ ಬೇಗಬೇಗ ಒತ್ತಿ, 2 ಸಾರಿ ಊದಿ, ಹೀಗೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮಗು ಚೇತರಿಸಿಕೊಂಡರೂ ಆಸ್ಪತ್ರೆಗೆ ಒಯ್ಯಲೇಬೇಕು.

ಕುಟುಂಬದಲ್ಲಿ ಚರ್ಚಿಸಲು:

ಅ) ನಮ್ಮ ಮನೆಯಲ್ಲಿ, ನೆರೆಯಲ್ಲಿ ಮುಚ್ಚದ ನೀರು ಎಲ್ಲೆಲ್ಲಿದೆ?

ಆ) ನಮ್ಮ ಅಂಗಳಕ್ಕೆ ಆಟಕ್ಕೆ ಬರುವ ಪರರ ಮಕ್ಕಳ ಹೊಣೆ ನಮ್ಮದಲ್ಲವೇ?

ಇ) ಬೇಲಿ ಹಾಕಲು ಶಕ್ತಿಯಿಲ್ಲದ ಬಡ ಕುಟುಂಬಕ್ಕೆ ನಮ್ಮ ಧರ್ಮಕೇಂದ್ರ ಹೇಗೆ ನೆರವಾಗಬಹುದು?

ಈ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮಕ್ಕಳ ಕೈ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಸಂಜೆ ಜಪಸರದ ಕೊನೆಯಲ್ಲಿ ಹೀಗೆ ಪ್ರಾರ್ಥಿಸಿ: 'ಪ್ರಭುವೇ, ನೀವು ಕೊಟ್ಟ ಈ ಮಕ್ಕಳನ್ನು ಕಾಯಲು ನಮಗೆ ಎಚ್ಚರದ ಕಣ್ಣು, ಸೋಮಾರಿಯಲ್ಲದ ಕೈ ದಯಪಾಲಿಸಿರಿ. ಮಕ್ಕಳನ್ನು ಕಳೆದುಕೊಂಡವರನ್ನು ಸಂತೈಸಿರಿ. ಆಮೆನ್.'