ಬಾಣಂತನಕ್ಕೂ ದುಡ್ಡು ಎತ್ತಿಡಿ

ಸೀಮಂತಕ್ಕೆ ಎಷ್ಟು, ನಾಮಕರಣಕ್ಕೆ ಎಷ್ಟು ಜನ, ತೊಟ್ಟಿಲು ಎಲ್ಲಿಂದ, ಇದೆಲ್ಲ ನಮ್ಮ ಮನೆಗಳಲ್ಲಿ ಐದನೇ ತಿಂಗಳಿಂದಲೇ ಲೆಕ್ಕವಾಗುತ್ತದೆ. ಬಾಣಂತನದ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ. ಅದು ತವರಿನ ಪಾಲು, ಅಮ್ಮ ನೋಡಿಕೊಳ್ಳುತ್ತಾಳೆ ಅಂತ ಬಿಟ್ಟುಬಿಡುತ್ತಾರೆ. ನನ್ನಮ್ಮನಿಗೆ ಮೊಣಕಾಲು ನೋವು. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಅತ್ತೆಗೆ ಇನ್ನೂ ನೌಕರಿ. ಹಾಗಾಗಿ ಬೆಂಗಳೂರಿನ ಏಜೆನ್ಸಿಗಳನ್ನು ವಿಚಾರಿಸಿದೆವು. ಹಗಲು ರಾತ್ರಿ ಮನೆಯಲ್ಲೇ ಇರುವವರಿಗೆ ಹೇಳಿದ ರೇಟು ನಮ್ಮಿಬ್ಬರಲ್ಲಿ ಒಬ್ಬರ ಸಂಬಳದಷ್ಟಿತ್ತು.

ಆಗ ನನ್ನ ಗಂಡ ದಿನದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದರು. ಅಡುಗೆ, ಬಟ್ಟೆ, ಔಷಧಿ ಅವರದೇ. ಖಾಸಗಿ ನೌಕರಿಯಲ್ಲಿ ಅಪ್ಪನಿಗೆ ರಜೆ ಕೊಡಲೇಬೇಕೆಂಬ ಕಾನೂನಿಲ್ಲ. ಹಾಗಾಗಿ ಅವರು ಗಳಿಕೆ ರಜೆ ಕೂಡಿಟ್ಟುಕೊಂಡಿದ್ದರು. ಎಣ್ಣೆ-ನೀರಿಗೆ ಮತ್ತು ಮೊದಲ ಕೆಲವು ವಾರಗಳ ರಾತ್ರಿಗೆ ಮಾತ್ರ ದುಡ್ಡು ಕೊಡುವುದೆಂದಾಯಿತು.

ನೀರು ಹಾಕಲು ಪಕ್ಕದ ಬೀದಿಯ ಅಕ್ಕ ಬಂದರು. ಮೊಳಕೈಯಿಂದ ನೀರಿನ ಬಿಸಿ ನೋಡಿ, ಚಾಚಿದ ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು, ಒಂದು ಕೈ ಎದೆಗೆ ಆನಿಸಿಯೇ ಇನ್ನೊಂದು ಕೈಯಿಂದ ನೀರು ಹುಯ್ಯುತ್ತಿದ್ದರು. "ಹೆದರ್ಬೇಡ ಕಣವ್ವ, ಅಳ್ಲಿ ಬಿಡು" ಎಂದು ನನಗೇ ಸಮಾಧಾನ ಹೇಳುತ್ತಿದ್ದರು.

ಹಾಲೂಡಿಸುವುದನ್ನು ಕಲಿಸುವ ನರ್ಸ್ ಒಬ್ಬರನ್ನು ಒಂದೇ ಒಂದು ಸಲ ಕರೆಸಿದೆವು. ಮೊಲೆತೊಟ್ಟಷ್ಟೇ ಅಲ್ಲ, ಸುತ್ತಲ ಕಪ್ಪು ಭಾಗವೂ ಮಗುವಿನ ಬಾಯಿಗೆ ಹೋಗಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು ಎಂದು ಕೈ ಹಿಡಿದು ತೋರಿಸಿದರು. ಆ ಸಂಜೆಯಿಂದಲೇ ನೋವು ಇಳಿಯಿತು. ಇಡೀ ಖರ್ಚಿನಲ್ಲಿ ಇಷ್ಟು ಸಾರ್ಥಕವಾದದ್ದು ಬೇರೊಂದಿಲ್ಲ.

ದುಡ್ಡಿಲ್ಲದೆ ಸಿಗುವುದನ್ನೂ ಬಿಡಬಾರದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 42 ದಿನದೊಳಗೆ ಆಶಾ ಕಾರ್ಯಕರ್ತೆ 6 ಸಲ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕೆಂಬ ನಿಯಮವಿದೆ. ಗರ್ಭಿಣಿಯಾದಾಗಲೇ ಅವರ ನಂಬರ್ ಇಟ್ಟುಕೊಳ್ಳಿ. ಅರ್ಹರಿಗೆ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಬರುತ್ತದೆ. ಮನಸ್ಸು ಕುಗ್ಗಿದರೆ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಅದು ಉಚಿತ. ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವೇ ಇದೆ. ಬಾಣಂತಿ ಸುಮ್ಮನೆ ಅಳುತ್ತಾಳೆ ಎಂದು ಯಾರೂ ತಳ್ಳಿಹಾಕಬೇಡಿ.

ಕೆಲಸದವರಿಗೆ ಕೊಡುವ ದುಡ್ಡು ಸೀಮಂತದಿಂದ ಬಂತು. ಛತ್ರ ಬೇಡ, ಮನೆಯಲ್ಲೇ ಸಾಕು ಎಂದೆವು. ಏನು ಉಡುಗೊರೆ ಬೇಕೆಂದು ಕೇಳಿದವರಿಗೆ ರಾತ್ರಿ ಆಯಾಳ ಸಂಬಳ ಎಂದೆ. ಜನ ಏನಂದಾರು ಎಂದು ಅಮ್ಮ ಮುಜುಗರಪಟ್ಟಳು. ಚಿಕ್ಕಮ್ಮ ಮಾತ್ರ ಬೆಳ್ಳಿ ಲೋಟದ ಬದಲು ಒಂದು ವಾರದ ಸಂಬಳ ಕವರಿನಲ್ಲಿಟ್ಟು ಕೊಟ್ಟರು. ಆ ವಾರ ನಾನು ನಿದ್ದೆ ಮಾಡಿದೆ.

ಕೆಲಸಕ್ಕೆ ಬರುವವರ ಹತ್ತಿರ ಸಂಬಳ, ಹೊತ್ತು, ವಾರದ ರಜೆ ಮೊದಲೇ ಮಾತಾಡಿಕೊಳ್ಳಿ. ಅವರೂ ಯಾರದೋ ಮನೆಯ ರಾತ್ರಿಗಾಗಿ ತಮ್ಮ ನಿದ್ದೆ ಬಿಟ್ಟು ಬಂದಿರುತ್ತಾರೆ. ನಾಮಕರಣಕ್ಕೆ ಸೀರೆ ಕೊಡುವುದಾದರೆ ಸಂತೋಷವಾಗಿ ಕೊಡಿ, ಆದರೆ ಅದನ್ನು ಸಂಬಳದಲ್ಲಿ ಕಳೆಯಬೇಡಿ.